ವಯಸ್ಕರಲ್ಲಿ ಕಲಿಕಾ ನ್ಯೂನತೆ ಗುರುತಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ದೊಡ್ಡವರಲ್ಲಿ ಕಲಿಕಾ ನ್ಯೂನತೆ (ಬುದ್ಧಿ ಚೆನ್ನಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಬಾಲ್ಯದಿಂದಲೂ ಕಷ್ಟವಾಗುವುದು) ಇದೆಯೇ ಎಂದು ಹುಡುಕಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಮಕ್ಕಳಿಗಾಗಿ ಮಾಡಿದ ಲಕ್ಷಣಗಳ ಪಟ್ಟಿಯನ್ನು ದೊಡ್ಡವರ ಮುಂದೆ ಹಿಡಿಯುತ್ತಾರೆ. ಅಕ್ಷರ ತಿರುಗಿಸಿ ಬರೆಯುತ್ತಾರಾ? ಇಲ್ಲ. ತಡವರಿಸಿ ಓದುತ್ತಾರಾ? ಅಷ್ಟೇನೂ ಇಲ್ಲ. ಹಾಗಾದರೆ ತೊಂದರೆಯೇ ಇಲ್ಲ ಎಂದು ಕೈಬಿಡುತ್ತಾರೆ. ಇನ್ನು ಕೆಲವರದು ಇದರ ತದ್ವಿರುದ್ಧ: ಫೋನಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿ, ‘ನನಗೆ ಡಿಸ್‌ಲೆಕ್ಸಿಯಾ’ (ಓದಿನ ನ್ಯೂನತೆ) ಎಂದು ತಾವೇ ಹಣೆಪಟ್ಟಿ ಹಚ್ಚಿಕೊಳ್ಳುತ್ತಾರೆ.

ಮೂವತ್ತು, ನಲವತ್ತು ದಾಟಿದವರು ವರ್ಷಗಟ್ಟಲೆ ತಿದ್ದಿತೀಡಿ ಕಣ್ಣಿಗೆ ಬೀಳುವ ತಪ್ಪುಗಳನ್ನು ಕಡಿಮೆ ಮಾಡಿಕೊಂಡಿರುತ್ತಾರೆ. ಉಳಿದಿರುವುದು ನಿಧಾನ, ಆಯಾಸ ಮತ್ತು ತಪ್ಪಿಸಿಕೊಳ್ಳುವ ಅಭ್ಯಾಸ. ಹಾಗಾಗಿ ಇಲ್ಲಿ ಎಷ್ಟು ತಪ್ಪಾಯಿತು ಎಂದು ಎಣಿಸುವುದು ಸಾಲದು. ಸರಿಯಾಗಿ ಮಾಡಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಶ್ರಮ ಬಿತ್ತು ಎಂದು ಅಳೆಯಬೇಕು. ಕೆಳಗಿನ ಹಂತಗಳ ಕ್ರಮ ನಿಂತಿರುವುದೇ ಇದರ ಮೇಲೆ. ಅವನ್ನು ಹಿಂದೆಮುಂದೆ ಮಾಡಬೇಡಿ. ಓದಿನ ಪರೀಕ್ಷೆ ಮೊದಲು ಮಾಡಿ, ಕಣ್ಣಿನ ತಪಾಸಣೆಯನ್ನು ಕೊನೆಗಿಟ್ಟರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಮನೆಯಲ್ಲಿ ಮಾಡುವ ಈ ಕೆಲಸದಿಂದ ಸಿಗುವುದು ಗಟ್ಟಿಯಾದ ಅನುಮಾನ, ಅದನ್ನು ತಜ್ಞರ ಮುಂದಿಡಲು ಬೇಕಾದ ದಾಖಲೆ. ಕಲಿಕಾ ನ್ಯೂನತೆ ಇದೆ ಅಥವಾ ಇಲ್ಲ ಎಂದು ನಿರ್ಧರಿಸುವವರು ತಜ್ಞರೇ.

## ಶುರು ಮಾಡುವ ಮೊದಲು ಇಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್, ಸ್ಟಾಪ್‌ವಾಚ್, ಧ್ವನಿ ದಾಖಲಿಸುವ ಸೌಲಭ್ಯ (ಇವೆರಡಕ್ಕೂ ಫೋನ್ ಸಾಕು), ಗೆರೆಯಿಲ್ಲದ ಹಾಳೆಗಳು. ಹಿಂದೆ ಓದಿರದ, ಸುಮಾರು 250 ಪದಗಳ ಎರಡು ಗದ್ಯಭಾಗಗಳು: ಒಂದು ಆಸಕ್ತಿಯ ವಿಷಯದ್ದು, ಇನ್ನೊಂದು ನಿಯಮಾವಳಿಯಂಥ ಒಣ ವಿಷಯದ್ದು. ಶಾಲೆಯ ಅಂಕಪಟ್ಟಿ, ಹಳೆಯ ನೋಟ್‌ಬುಕ್, ಶಿಕ್ಷಕರ ಷರಾ ಯಾವುದಾದರೂ ಉಳಿದಿದ್ದರೆ ಹುಡುಕಿಡಿ. ಬಾಲ್ಯದಿಂದ ಬಲ್ಲ ಒಬ್ಬರು ಮಾತಿಗೆ ಸಿಗಬೇಕು. ಹೋಲಿಕೆಗೆ, ಹೆಚ್ಚುಕಡಿಮೆ ಅದೇ ವಯಸ್ಸಿನ, ಅಷ್ಟೇ ಓದಿದ ಇನ್ನೊಬ್ಬರು ಬೇಕು. ಈ ಕೊನೆಯವರನ್ನು ಬಿಟ್ಟು ಮುಂದುವರಿಯುವವರೇ ಹೆಚ್ಚು. ಹೋಲಿಕೆ ಇಲ್ಲದಿದ್ದರೆ ‘ನಿಧಾನ’ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

## ಹಂತ 1: ಬೇರೆ ಕಾರಣಗಳನ್ನು ಮೊದಲು ಬದಿಗೆ ಸರಿಸಿ

ಕಣ್ಣಿನಿಂದ ಶುರು ಮಾಡಿ. ನಲವತ್ತರ ಆಸುಪಾಸಿನಲ್ಲಿ ಬರುವ ಚಾಳೀಸು ಓದನ್ನು ನಿಧಾನ ಮಾಡುತ್ತದೆ, ತಲೆನೋವು ತರುತ್ತದೆ. ಹೊರನೋಟಕ್ಕೆ ಇದು ಓದಿನ ನ್ಯೂನತೆಯ ಹಾಗೆಯೇ ಕಾಣುತ್ತದೆ. ಆಮೇಲೆ ಕಿವಿಯ ತಪಾಸಣೆ. ಸಣ್ಣ ಪ್ರಮಾಣದ ಶ್ರವಣದೋಷ ಇದ್ದವರು ಹೇಳಿದ ಸೂಚನೆ ‘ಮರೆತರು’ ಎನಿಸಿಕೊಳ್ಳುತ್ತಾರೆ. ನಿಜಕ್ಕೂ ಅವರಿಗೆ ಅದು ಕೇಳಿಸಿಯೇ ಇರುವುದಿಲ್ಲ.

ನಿದ್ದೆಗೇಡು, ಖಿನ್ನತೆ, ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ, ಮಂಪರು ತರುವ ಔಷಧಿ — ಇವೆಲ್ಲ ಗಮನವನ್ನೂ ನೆನಪನ್ನೂ ಕುಗ್ಗಿಸುತ್ತವೆ. ವೈದ್ಯರ ಒಂದು ಭೇಟಿ, ಒಂದು ರಕ್ತಪರೀಕ್ಷೆಯಲ್ಲಿ ಇವುಗಳಲ್ಲಿ ಬಹುಪಾಲು ತಿಳಿದುಬರುತ್ತದೆ.

ಶಾಲೆಯ ಅವಕಾಶವನ್ನೂ ಕೇಳಿಕೊಳ್ಳಿ. ಮಧ್ಯದಲ್ಲೇ ಶಾಲೆ ಬಿಟ್ಟವರು, ಮಾಧ್ಯಮ ಬದಲಾಗಿ ಎಡವಿದವರು, ಸರಿಯಾಗಿ ಕಲಿಸದ ಕಡೆ ಓದಿದವರು ಹಿಂದುಳಿದಿದ್ದರೆ ಅದನ್ನು ನ್ಯೂನತೆ ಎನ್ನಲಾಗದು. ಕನ್ನಡವನ್ನು ಸಲೀಸಾಗಿ ಓದುವವರು ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಬಳಕೆಯ ಕೊರತೆಯನ್ನು.

ಎಚ್ಚರಿಕೆ: ಚೆನ್ನಾಗಿ ಓದಿ ಬರೆಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಓದಲಾಗದೆ ಹೋದರೆ, ಪದ ಸಿಗದಿದ್ದರೆ, ಲೆಕ್ಕ ತಪ್ಪತೊಡಗಿದರೆ ಅದು ಕಲಿಕಾ ನ್ಯೂನತೆ ಅಲ್ಲ. ಪಾರ್ಶ್ವವಾಯು ಆಗಿರಬಹುದು. ಮುಖ ಸೊಟ್ಟಗಾಗುವುದು, ಕೈ ಬಲ ಕುಂದುವುದು, ಮಾತು ತೊದಲುವುದು ಜೊತೆಗಿದ್ದರೂ ಇಲ್ಲದಿದ್ದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಳಲ್ಲಿ ನಿಧಾನವಾಗಿ ಕೈತಪ್ಪುತ್ತಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಕಲಿಕಾ ನ್ಯೂನತೆ ನಡುವಯಸ್ಸಿನಲ್ಲಿ ಹುಟ್ಟುವುದಿಲ್ಲ.

## ಹಂತ 2: ಬಾಲ್ಯದ ಜಾಡು ಹಿಡಿಯಿರಿ

ಹತ್ತು ಹಂತಗಳಲ್ಲಿ ಅತಿ ತೂಕದ್ದು ಇದೇ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ (2013) ಪ್ರಕಾರ ತೊಂದರೆ ಶಾಲಾ ವಯಸ್ಸಿನಲ್ಲೇ ಶುರುವಾಗಿರಬೇಕು. ಆದರೆ ಕೆಲಸದ ಬೇಡಿಕೆ ಸಾಮರ್ಥ್ಯವನ್ನು ಮೀರುವವರೆಗೂ ಅದು ಪೂರ್ತಿಯಾಗಿ ಕಾಣಿಸಿಕೊಳ್ಳದೆ ಇರಬಹುದು. ಡಿಗ್ರಿವರೆಗೆ ಹೇಗೋ ದಾಟಿ ಬಂದವರು ದೊಡ್ಡ ವರದಿ ಬರೆಯುವ ಹುದ್ದೆಗೆ ಬಡ್ತಿ ಸಿಕ್ಕಾಗ ಕುಸಿಯುವುದು ಇದೇ ಕಾರಣಕ್ಕೆ. ಅದೇ ಕೈಪಿಡಿ 17 ವರ್ಷ ತುಂಬಿದವರಿಗೆ ಇನ್ನೊಂದು ಅವಕಾಶ ಕೊಡುತ್ತದೆ: ಬಾಲ್ಯದ ತೊಂದರೆಯ ದಾಖಲೆ ಇದ್ದರೆ ಅದನ್ನು ಪ್ರಮಾಣೀಕೃತ ಪರೀಕ್ಷೆಯ ಬದಲಿಗೆ ಪರಿಗಣಿಸಬಹುದು. ಹಳೆಯ ಕಾಗದಗಳನ್ನು ಎಸೆಯಬೇಡಿ ಎನ್ನುವುದು ಅದಕ್ಕೇ.

ಅಂಕಪಟ್ಟಿಯಲ್ಲಿ ಒಟ್ಟು ಅಂಕ ನೋಡಿ ಮುಂದೆ ಹೋಗಬೇಡಿ. ಏರುಪೇರು ನೋಡಿ. ವಿಜ್ಞಾನದಲ್ಲಿ 80, ಭಾಷೆಯಲ್ಲಿ 38. ಮೌಖಿಕದಲ್ಲಿ ಮುಂದೆ, ಲಿಖಿತದಲ್ಲಿ ಹಿಂದೆ. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಮಾತ್ರ ಪ್ರತಿವರ್ಷ ನಪಾಸು. ಇಂಥ ಅಂತರ ವರ್ಷದಿಂದ ವರ್ಷಕ್ಕೆ ಬಿಡದೆ ಕಾಣಿಸಿದರೆ ಗುರುತು ಹಾಕಿಕೊಳ್ಳಿ. ಶಿಕ್ಷಕರ ಷರಾಗಳಲ್ಲಿ ‘ಜಾಣ, ಆದರೆ ಶ್ರಮ ಸಾಲದು’, ‘ಬರವಣಿಗೆ ಅಂದಗೆಟ್ಟಿದೆ’, ‘ಬೋರ್ಡಿನಿಂದ ಇಳಿಸಿಕೊಳ್ಳುವುದು ಅಪೂರ್ಣ’ ಎಂಬವು ಬೆಲೆಯುಳ್ಳ ಸುಳಿವುಗಳು.

ಬಾಲ್ಯದಿಂದ ಬಲ್ಲವರನ್ನು ‘ಓದಿನಲ್ಲಿ ಹೇಗಿದ್ದ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ಪ್ರಶ್ನೆ ನಿರ್ದಿಷ್ಟವಾಗಿರಲಿ. ಮಾತು ತಡವಾಗಿ ಬಂತೇ? ಒತ್ತಕ್ಷರ ಕೂಡಿಸಿ ಓದಲು ಓರಗೆಯವರಿಗಿಂತ ಎಷ್ಟು ಹೆಚ್ಚು ಕಾಲ ಬೇಕಾಯಿತು? ಮಗ್ಗಿ ಬಾಯಿಗೆ ಬಂತೇ, ಬಂದದ್ದು ಉಳಿಯಿತೇ? ಮುಳ್ಳಿನ ಗಡಿಯಾರ ನೋಡಿ ಹೊತ್ತು ಹೇಳಲು ಯಾವ ವಯಸ್ಸಿನಲ್ಲಿ ಕಲಿತರು? ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದಾಗ ಏನು ಮಾಡುತ್ತಿದ್ದರು? ಮನೆಯಲ್ಲಿ ಇನ್ಯಾರಿಗಾದರೂ ಇಂಥದೇ ತೊಂದರೆ ಇತ್ತೇ? ಡಿಸ್‌ಲೆಕ್ಸಿಯಾ ಕುಟುಂಬಗಳಲ್ಲಿ ಹರಿದುಬರುವ ಪ್ರವೃತ್ತಿ ಇರುವುದರಿಂದ ಕೊನೆಯ ಪ್ರಶ್ನೆಯನ್ನು ಬಿಡಬೇಡಿ.

## ಹಂತ 3: ಎರಡು ವಾರದ ದಿನಚರಿ

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಗೆರೆ ಎಳೆಯಿರಿ: ಕೆಲಸ, ಹಿಡಿದ ಹೊತ್ತು, ಎಷ್ಟು ಸಲ ಮತ್ತೆ ಓದಬೇಕಾಯಿತು ಅಥವಾ ತಿದ್ದಬೇಕಾಯಿತು, ಯಾರ ನೆರವು ಪಡೆದದ್ದು, ಯಾವುದನ್ನು ಮುಂದೂಡಿದ್ದು. ಅರ್ಜಿ ತುಂಬುವುದು, ಇಮೇಲ್ ಬರೆಯುವುದು, ಸಭೆಯಲ್ಲಿ ಟಿಪ್ಪಣಿ ಮಾಡಿಕೊಳ್ಳುವುದು, ಬಿಲ್ ಹಂಚಿಕೊಳ್ಳುವುದು, ಸಮಯ ಅಂದಾಜು ಮಾಡುವುದು, ಹೊಸ ಜಾಗಕ್ಕೆ ಹೋಗುವುದು — ಎಲ್ಲವೂ ಸೇರಲಿ.

ಆಯಾ ದಿನವೇ ಬರೆಯಬೇಕು. ವಾರಾಂತ್ಯದಲ್ಲಿ ನೆನಪಿನಿಂದ ತುಂಬಿದರೆ ಕೆಟ್ಟ ದಿನಗಳು ಮಾತ್ರ ನೆನಪಾಗುತ್ತವೆ. ಬರೆಯುವುದೇ ಕಷ್ಟವಿದ್ದವರು ಧ್ವನಿ ದಾಖಲಿಸಲಿ. ಅದನ್ನೂ ಒಂದು ಸಂಗತಿಯಾಗಿ ಗುರುತು ಹಾಕಿಕೊಳ್ಳಿ.

ಐದನೇ ಕಾಲಂ ಹೆಚ್ಚಿನವರು ಖಾಲಿ ಬಿಡುತ್ತಾರೆ. ದೊಡ್ಡವರ ತೊಂದರೆ ಕಾಣುವುದೇ ಅಲ್ಲಿ. ಮೂರು ದಿನ ತೆರೆಯದೆ ಬಿದ್ದಿರುವ ಪತ್ರ ಒಂದು ದಾಖಲೆ.

## ಹಂತ 4: ಓದನ್ನು ಅಳೆಯಿರಿ

ಶಾಂತವಾದ ಕೋಣೆ, ಒಳ್ಳೆಯ ಬೆಳಕು, ದಣಿವಿಲ್ಲದ ಹೊತ್ತು ಆಯ್ದುಕೊಳ್ಳಿ. ಮೊದಲ ಗದ್ಯಭಾಗವನ್ನು ಗಟ್ಟಿಯಾಗಿ ಓದಲಿ, ಧ್ವನಿ ದಾಖಲಾಗಲಿ, ಹೊತ್ತು ಗುರುತಾಗಲಿ. ಎರಡನೆಯದನ್ನು ಮನಸ್ಸಿನಲ್ಲೇ ಓದಿ, ಪುಟ ಮುಚ್ಚಿ, ಏನಿತ್ತು ಎಂದು ಹೇಳಲಿ. ಹೋಲಿಕೆಗೆ ಒಪ್ಪಿದವರೂ ಇದನ್ನೇ ಬೇರೆಯಾಗಿ ಮಾಡಲಿ. ಇಬ್ಬರನ್ನೂ ಎದುರುಬದುರು ಕೂರಿಸಬೇಡಿ.

ಧ್ವನಿ ಕೇಳುವಾಗ ಗಮನ ಎಲ್ಲಿಡಬೇಕು? ‘ಪರಿಣಾಮ’ವನ್ನು ‘ಪರಿಮಾಣ’ ಎಂದು, ‘ಸಮರ್ಥ’ವನ್ನು ‘ಸಮಸ್ತ’ ಎಂದು ಓದಿ ಮುಂದೆ ಹೋಗುವುದು: ಮೊದಲಕ್ಷರ, ಒಟ್ಟು ಆಕಾರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದಾರೆ ಎಂದರ್ಥ. ವಿಭಕ್ತಿ ಪ್ರತ್ಯಯ ನುಂಗುವುದು ಅಥವಾ ಬದಲಿಸುವುದು, ಸಾಲು ತಪ್ಪುವುದು, ಉದ್ದ ಪದದ ಮುಂದೆ ಕ್ಷಣ ನಿಂತು ಆಮೇಲೆ ಒಂದೇ ಉಸಿರಿಗೆ ಹೇಳಿಬಿಡುವುದೂ ಇದೇ ಸಾಲಿನವು.

ಕನ್ನಡದಲ್ಲಿ ಬರೆದಂತೆ ಓದುವುದರಿಂದ ಇಲ್ಲಿ ತಪ್ಪಿಗಿಂತ ನಿಧಾನವೇ ಮುಖ್ಯ ಗುರುತು. ಪರೀಕ್ಷೆಗೆ ಒಳ್ಳೆಯ ಜಾಗ ಅರ್ಕಾವತ್ತು. ‘ಸೂರ್ಯ’, ‘ಸಾಮರ್ಥ್ಯ’ದಲ್ಲಿ ರಕಾರ ಮೊದಲು ಉಚ್ಚಾರವಾದರೂ ಬರಹದಲ್ಲಿ ಅದರ ಗುರುತು ಬರುವುದು ಮುಂದಿನ ಅಕ್ಷರದ ಬಲಕ್ಕೆ. ಓದುವವರು ಒಂದು ಹೆಜ್ಜೆ ಮುಂದೆ ನೋಡಿ ಹಿಂದೆ ಬರಬೇಕು. ಡಿಸ್‌ಲೆಕ್ಸಿಯಾ ಇದ್ದವರಿಗೆ ಪರಿಚಿತ ‘ಸೂರ್ಯ’ ಸಲೀಸು. ಅಪರಿಚಿತ ಪದದಲ್ಲಿ ಅದೇ ಗುರುತು ಬಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ.

ಅದಕ್ಕೇ ಅರ್ಥವಿಲ್ಲದ ಪದಗಳ ಪಟ್ಟಿ ಬೇಕು. ‘ಬಿಗತು’, ‘ಮೊಟೇಸ’, ‘ನೂರ್ಪಲ’, ‘ಕಿಷ್ಟ್ರಮಿ’, ‘ಜೌಳ್ಪುಗೆ’ — ಇಂಥ 20 ಪದಗಳನ್ನು ನೀವೇ ಕಟ್ಟಿ, ಸುಲಭದಿಂದ ಕಷ್ಟಕ್ಕೆ ಜೋಡಿಸಿ. ಇಲ್ಲಿ ಊಹೆ ನಡೆಯುವುದಿಲ್ಲ, ನೆನಪು ಕೆಲಸಕ್ಕೆ ಬರುವುದಿಲ್ಲ; ಅಕ್ಷರವನ್ನು ಧ್ವನಿಗೆ ತಿರುಗಿಸುವ ಸಾಮರ್ಥ್ಯವೊಂದೇ ಬಯಲಿಗೆ ಬರುತ್ತದೆ. ಗದ್ಯಭಾಗವನ್ನು ಹೇಗೋ ನಿಭಾಯಿಸಿದವರು ಇಲ್ಲಿ ತಡವರಿಸಿದರೆ ಅದು ಬಲವಾದ ಸುಳಿವು.

ಕೊನೆಗೆ ಕಾಗದವಿಲ್ಲದೆ ಒಂದಿಷ್ಟು ಧ್ವನಿಯ ಕೆಲಸ. ‘ಕಮಲ’ದಲ್ಲಿ ‘ಮ’ ತೆಗೆದರೆ ಏನುಳಿಯುತ್ತದೆ? ‘ಸ್ಕೂಲು’ ಪದದ ಮೊದಲ ಸಕಾರ ಬಿಟ್ಟು ಹೇಳಿ. ‘ನವಿಲು’ ಹಿಂದಿನಿಂದ ಮುಂದಕ್ಕೆ ಹೇಳಿ. ಉತ್ತರ ಬಂತೇ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಬಂತು, ಬೆರಳಿನಿಂದ ಗಾಳಿಯಲ್ಲಿ ಬರೆದುಕೊಂಡರೇ ಎಂದು ನೋಡಿ.

ಇಂಗ್ಲಿಷ್ ಓದಬಲ್ಲವರಿಗೆ ಆ ಭಾಷೆಯಲ್ಲೂ ಇದನ್ನೇ ಮಾಡಿ. ಅದರ ಕಾಗುಣಿತ ನಿಯಮಕ್ಕೆ ಸಿಗುವಂಥದ್ದಲ್ಲವಾದ್ದರಿಂದ, ಕನ್ನಡದಲ್ಲಿ ಬರೀ ನಿಧಾನವಾಗಿ ಕಂಡ ತೊಂದರೆ ಇಂಗ್ಲಿಷಿನಲ್ಲಿ ತಪ್ಪುಗಳಾಗಿ ಎದ್ದು ಕಾಣಬಹುದು.

ಇಲ್ಲಿ ಆಗುವ ದೊಡ್ಡ ತಪ್ಪು: ಆಡುಮಾತಿನ ರೂಢಿಯನ್ನು ನ್ಯೂನತೆ ಎಂದುಕೊಳ್ಳುವುದು. ಅಕಾರ–ಹಕಾರ ಅದಲುಬದಲು, ಲ–ಳ, ನ–ಣ, ಸ–ಶ ವ್ಯತ್ಯಾಸ ಇಲ್ಲದಿರುವುದು, ಮಹಾಪ್ರಾಣ ಬಿಡುವುದು ಬಹಳ ಜನರ ಮಾತಿನಲ್ಲೇ ಇದೆ. ಮಾತಿನಂತೆಯೇ ಬರಹದಲ್ಲಿ ಬಂದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

## ಹಂತ 5: ಬರವಣಿಗೆ

ಗೆರೆಯಿಲ್ಲದ ಹಾಳೆ ಕೊಟ್ಟು, ಪರಿಚಿತ ವಿಷಯದ ಮೇಲೆ 15 ನಿಮಿಷ ಕೈಯಲ್ಲೇ ಬರೆಯಲು ಹೇಳಿ. ಮುಗಿದ ಮೇಲೆ ಅದೇ ವಿಷಯವನ್ನು 3 ನಿಮಿಷ ಬಾಯಲ್ಲಿ ಹೇಳಲಿ. ಮಾತಿನಲ್ಲಿ ಕ್ರಮಬದ್ಧವಾಗಿ, ಸಮೃದ್ಧವಾಗಿ ಬಂದದ್ದು ಕಾಗದದ ಮೇಲೆ ನಾಲ್ಕು ಮೊಟಕು ವಾಕ್ಯಗಳಾಗಿ ಕುಗ್ಗಿದ್ದರೆ, ಆ ಅಂತರವೇ ಇಲ್ಲಿ ಸಿಕ್ಕ ಮಾಹಿತಿ.

ಕಾಗುಣಿತದಲ್ಲಿ ಒಂದೇ ಪದದ ಬೇರೆ ಬೇರೆ ರೂಪ ಹುಡುಕಿ. ‘ಸಾಮರ್ಥ್ಯ’ ಮೊದಲ ಸಾಲಿನಲ್ಲಿ ‘ಸಾಮಾರ್ಥ’, ಆರನೇ ಸಾಲಿನಲ್ಲಿ ‘ಸಮರ್ತ್ಯ’, ಕೊನೆಯಲ್ಲಿ ಸರಿ. ಕಲಿಯದವರು ಸಾಮಾನ್ಯವಾಗಿ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಅಕ್ಷರರೂಪ ನೆನಪಿನಲ್ಲಿ ನಿಲ್ಲದವರು ಪ್ರತಿಸಲ ಬೇರೆ ತಪ್ಪು ಮಾಡುತ್ತಾರೆ. ದೀರ್ಘದ ಗುರುತು ಹಾಕಲು ಮರೆಯುವುದು, ಒತ್ತು ತಪ್ಪು ಅಕ್ಷರಕ್ಕೆ ಬೀಳುವುದು ಕೂಡ ನೋಡಿ.

ಕೈಬರಹ ಕೆಟ್ಟದಾಗಿದೆ ಎಂಬುದೊಂದೇ ಸಾಲದು. ಪೆನ್ ಬಿಗಿಯಾಗಿ ಹಿಡಿದು ಐದು ನಿಮಿಷಕ್ಕೆ ಕೈನೋವು ಎನ್ನುವವರಿಗೆ ಗುಂಡಿ ಹಾಕುವುದು, ಚೆಂಡು ಹಿಡಿಯುವುದೂ ಬಾಲ್ಯದಿಂದ ಕಷ್ಟವಿದ್ದರೆ ಅದು ಚಲನೆಯ ಹೊಂದಾಣಿಕೆಯ ತೊಂದರೆ. ಅದರ ದಾರಿ ಬೇರೆ.

## ಹಂತ 6: ಅಂಕಿ ಮತ್ತು ಲೆಕ್ಕ

ಕಾಗದದ ಮೇಲೆ 3, 4, 7, 9 ಚುಕ್ಕಿಗಳ ಗುಂಪು ಹಾಕಿ ಕ್ಷಣಮಾತ್ರ ತೋರಿಸಿ. ಹೆಚ್ಚಿನ ವಯಸ್ಕರು ನಾಲ್ಕರವರೆಗೆ ಎಣಿಸದೆ ಹೇಳುತ್ತಾರೆ. ಮೂರು ಚುಕ್ಕಿಯನ್ನೂ ಎಣಿಸಬೇಕಾದರೆ ಬರೆದಿಟ್ಟುಕೊಳ್ಳಿ. ಆಮೇಲೆ 102ರಿಂದ 7 ಕಳೆಯುತ್ತ ಹಿಂದಕ್ಕೆ ಹೋಗುವುದು, 480ರ ಶೇಕಡಾ 15 ಅಂದಾಜು ಹೇಳುವುದು, ‘ಹತ್ತು ಗಂಟೆಗೆ ಇಪ್ಪತ್ತು ನಿಮಿಷವಿದೆ’ ಎಂಬುದನ್ನು 9:40 ಮಾಡುವುದು.

ಡಿಸ್‌ಕ್ಯಾಲ್ಕುಲಿಯಾದಲ್ಲಿ, ಅಂದರೆ ಲೆಕ್ಕದ ನ್ಯೂನತೆಯಲ್ಲಿ, ಹೆಚ್ಚಾಗಿ ಅಂದಾಜೇ ಕೈಕೊಡುತ್ತದೆ. ಕ್ಯಾಲ್ಕುಲೇಟರ್ 72ರ ಬದಲು 7,200 ತೋರಿಸಿದರೂ ಎಲ್ಲೋ ಎಡವಟ್ಟಾಗಿದೆ ಎಂದು ಅನಿಸುವುದಿಲ್ಲ. ಗಣಿತದ ಭಯ ಇದ್ದವರು ಇದಕ್ಕಿಂತ ಬೇರೆ: ಯಾರೂ ನೋಡದಿದ್ದಾಗ ಹೆಚ್ಚಾಗಿ ಸರಿಯಾಗಿ ಮಾಡುತ್ತಾರೆ.

## ಹಂತ 7: ಮುಚ್ಚಿಡುವ ಉಪಾಯಗಳನ್ನು ಹುಡುಕಿ

‘ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ, ನೀವೇ ಓದಿ.’ ‘ಅರ್ಜಿ ಮನೆಗೆ ತೆಗೆದುಕೊಂಡು ಹೋಗಿ ತುಂಬಿ ತರುತ್ತೇನೆ.’ ‘ಮೆಸೇಜ್ ಬೇಡ, ಫೋನ್ ಮಾಡಿ.’ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕಾಗದವನ್ನು ನಾಲ್ಕು ಸಲ ಓದಿಕೊಳ್ಳುವುದು, ಬರೆಯುವ ಕೆಲಸವಿರುವ ಬಡ್ತಿ ಬೇಡವೆನ್ನುವುದು, ಹಳೆಯ ಪತ್ರವನ್ನೇ ನಕಲು ಮಾಡಿ ಹೆಸರು ಬದಲಿಸುವುದು, ಹಣ ಕೊಡುವಾಗ ಯಾವಾಗಲೂ ದೊಡ್ಡ ನೋಟು ಕೊಟ್ಟು ಚಿಲ್ಲರೆ ಎಣಿಸದೆ ಜೇಬಿಗೆ ಹಾಕುವುದು.

ಇವುಗಳಲ್ಲಿ ಒಂದೆರಡು ಎಲ್ಲರಲ್ಲೂ ಇವೆ. ಒಂದೇ ಕ್ಷೇತ್ರದ ಸುತ್ತ ಐದಾರು ಸೇರಿ, ಅವು ತಪ್ಪಿದ ದಿನ ಬೆವರು ಬರುವಂತಿದ್ದರೆ ಮಾತ್ರ ತೂಕವಿದೆ. ಮನೆಯವರು ಇದನ್ನು ಸುಳ್ಳು, ಸೋಮಾರಿತನ ಎಂದು ಹಿಡಿದು ಝಾಡಿಸಬಾರದು. ಇಷ್ಟು ವರ್ಷ ಮರ್ಯಾದೆ ಉಳಿಸಿಕೊಂಡದ್ದು ಈ ಉಪಾಯಗಳಿಂದಲೇ. ಅವನ್ನು ಎಲ್ಲರೆದುರು ಕಿತ್ತರೆ ಆ ವ್ಯಕ್ತಿ ಮತ್ತೆ ಪರೀಕ್ಷೆಗೆ ಕೂರುವುದಿಲ್ಲ.

## ಹಂತ 8: ಪಕ್ಕದ ತೊಂದರೆಗಳಿಂದ ಬೇರ್ಪಡಿಸಿ

ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಕಲಿಕಾ ನ್ಯೂನತೆಯ ಜೊತೆಗೇ ಇರುವುದು ಸಾಮಾನ್ಯ. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡಬೇಡಿ. ಎರಡು ಬಗೆಯ ಗದ್ಯಭಾಗ ಇಟ್ಟುಕೊಂಡದ್ದು ಇದಕ್ಕೇ: ಆಸಕ್ತಿಯ ವಿಷಯವನ್ನು ಸರಾಗವಾಗಿ ಓದಿ ಒಣ ವಿಷಯದಲ್ಲಿ ಮಾತ್ರ ಜಾರಿದರೆ ಗಮನದ ಕಡೆ ಬೊಟ್ಟು ಮಾಡುತ್ತದೆ; ಎರಡರಲ್ಲೂ ಅಷ್ಟೇ ನಿಧಾನವಾಗಿ, ಅರ್ಥವಿಲ್ಲದ ಪದಗಳಲ್ಲೂ ತಡವರಿಸಿದರೆ ಓದಿನ ಕಡೆ.

ಆತಂಕ ಇದ್ದವರ ಫಲಿತಾಂಶ ನೋಡುವವರಿದ್ದಾಗ ಕೆಡುತ್ತದೆ. ಅನುಮಾನ ಬಂದರೆ ಒಬ್ಬರೇ ಕೂತು ಧ್ವನಿ ದಾಖಲಿಸಿ ತರಲಿ. ಬೌದ್ಧಿಕ ನ್ಯೂನತೆಯಲ್ಲಿ ಎಲ್ಲ ಕ್ಷೇತ್ರಗಳೂ, ದಿನನಿತ್ಯದ ಸ್ವಾವಲಂಬನೆಯೂ ಬಾಲ್ಯದಿಂದ ಕುಂಠಿತವಾಗಿರುತ್ತವೆ. ಕಲಿಕಾ ನ್ಯೂನತೆ ಹಾಗಲ್ಲ, ಒಂದೆರಡು ಕ್ಷೇತ್ರಕ್ಕೆ ಸೀಮಿತ.

## ಹಂತ 9: ತೂಗಿ ನೋಡಿ

ನೋಟ್‌ಬುಕ್ ತೆರೆದು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ತೊಂದರೆ ಶಾಲಾ ದಿನಗಳಿಂದ ಇದೆಯೇ? ಅಭ್ಯಾಸ, ನೆರವು ಸಿಕ್ಕರೂ ಉಳಿದಿದೆಯೇ? (ಡಿಎಸ್‌ಎಂ-5 ಕೇಳುವುದು ಕನಿಷ್ಠ 6 ತಿಂಗಳು.) ಕೆಲಸಕ್ಕೋ ದಿನನಿತ್ಯದ ಬದುಕಿಗೋ ನಿಜವಾಗಿ ಅಡ್ಡಿಯಾಗಿದೆಯೇ? ಹಂತ 1ರ ಯಾವ ಕಾರಣವೂ ಇದನ್ನು ಪೂರ್ತಿ ವಿವರಿಸುವುದಿಲ್ಲವೇ? ನಾಲ್ಕಕ್ಕೂ ‘ಹೌದು’ ಎಂದಾದರೆ ತಜ್ಞರ ಬಳಿ ಹೋಗುವುದನ್ನು ಮುಂದೂಡಬೇಡಿ.

‘ಇಷ್ಟು ಬುದ್ಧಿವಂತರಿಗೆ ಹೇಗೆ ಇರಲು ಸಾಧ್ಯ?’ ಎಂಬ ವಾದಕ್ಕೆ ಕಿವಿಗೊಡಬೇಡಿ. ಬುದ್ಧಿಮತ್ತೆ ಎಷ್ಟೇ ಹೆಚ್ಚಿದ್ದರೂ ನ್ಯೂನತೆ ಇರಬಲ್ಲದು. ಒಳ್ಳೆಯ ಸಂಬಳ, ಪದವಿ ಇದ್ದವರಲ್ಲೂ ಇರುತ್ತದೆ; ವಯಸ್ಕರಲ್ಲಿ ಸುಮಾರು 4% ಎಂಬುದು ಡಿಎಸ್‌ಎಂ-5 ಕೊಡುವ ಅಂದಾಜು.

## ಹಂತ 10: ತಜ್ಞರ ಬಳಿ

ಹೋಗಬೇಕಾದದ್ದು ವಯಸ್ಕರ ಮೌಲ್ಯಮಾಪನ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ. ಸಮಯ ಗೊತ್ತು ಮಾಡುವಾಗಲೇ ಎರಡು ಮಾತು ಕೇಳಿ: ಮಕ್ಕಳಿಗಲ್ಲ, ದೊಡ್ಡವರಿಗೆ ಮಾಡುತ್ತೀರಾ? ಯಾವ ಭಾಷೆಯಲ್ಲಿ? ಇಂಗ್ಲಿಷ್ ಬಾರದವರನ್ನು ಇಂಗ್ಲಿಷ್ ಪರೀಕ್ಷೆಯಿಂದ ಅಳೆದರೆ ಬರುವ ಅಂಕ ಏನನ್ನೂ ಹೇಳುವುದಿಲ್ಲ.

ವಿವರವಾದ ಸಂದರ್ಶನ, ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ (16ರಿಂದ 90 ವಯಸ್ಸಿನವರಿಗಿರುವ ವೇಯ್ಸ್-4 ಇಂಥದ್ದು), ಓದು–ಬರಹ–ಲೆಕ್ಕದ ಪರೀಕ್ಷೆ, ಅಲ್ಪಾವಧಿ ನೆನಪು ಮತ್ತು ವೇಗದ ಪರೀಕ್ಷೆ ಇರುತ್ತವೆ. ಕಣ್ಣು–ಕಿವಿ ವರದಿ, ಅಂಕಪಟ್ಟಿ, ಎರಡು ವಾರದ ದಿನಚರಿ, ಬರಹದ ಹಾಳೆ, ಧ್ವನಿ ದಾಖಲೆ ಜೊತೆಗೆ ಒಯ್ಯಿರಿ. ಉಪಾಯಗಳನ್ನು ಅಲ್ಲಿಯೂ ಬಳಸಿ ಚೆನ್ನಾಗಿ ಮಾಡಿ ತೋರಿಸಲು ಹೋಗಬೇಡಿ. ಬಳಸಿದರೆ ಹೇಗೆ ಮಾಡಿದಿರಿ ಎಂದು ಹೇಳಿಬಿಡಿ.

ಎಚ್ಚರಿಕೆ: ಕಲಿಕಾ ನ್ಯೂನತೆಯನ್ನು ಎಂಆರ್‌ಐ ಸ್ಕ್ಯಾನ್ ಅಥವಾ ರಕ್ತಪರೀಕ್ಷೆಯಿಂದ ಪತ್ತೆ ಮಾಡಲಾಗದು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಡಿಸ್‌ಲೆಕ್ಸಿಯಾ ವಾಸಿ ಎನ್ನುವವರಿಂದ ದೂರವಿರಿ. ಅದಕ್ಕೆ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಅಕಾಡೆಮಿಗಳು 2009ರ ಜಂಟಿ ಹೇಳಿಕೆಯಲ್ಲಿ ಸ್ಪಷ್ಟಪಡಿಸಿವೆ.

ವರದಿ ಕೈಗೆ ಬಂದಾಗ ಮೂರು ಸಂಗತಿ ಇವೆಯೇ ನೋಡಿ: ಯಾವ ಕ್ಷೇತ್ರದಲ್ಲಿ ತೊಂದರೆ, ಅದರ ತೀವ್ರತೆ ಎಷ್ಟು, ಕೆಲಸದಲ್ಲಿ ಅಥವಾ ಪರೀಕ್ಷೆಯಲ್ಲಿ ಏನು ಬದಲಿಸಬೇಕು. ಮೂರನೆಯದು ಬಿಟ್ಟುಹೋಗಿದ್ದರೆ ಕೇಳಿ ಬರೆಸಿಕೊಳ್ಳಿ. ಹೆಚ್ಚುವರಿ ಸಮಯ, ಪಠ್ಯವನ್ನು ಓದಿ ಹೇಳುವ ತಂತ್ರಾಂಶ, ಹೇಳಿದ್ದನ್ನು ಟೈಪ್ ಮಾಡುವ ಸೌಲಭ್ಯ, ಸಭೆಯ ಕಾಗದ ಹಿಂದಿನ ದಿನವೇ ಸಿಗುವುದು — ಕೇಳಬೇಕಾದದ್ದು ಇಂಥವನ್ನು. ಇವುಗಳಲ್ಲಿ ಫೋನಿನಲ್ಲೇ ಇರುವ ಓದಿ ಹೇಳುವ ಸೌಲಭ್ಯವನ್ನು ವರದಿಗೆ ಕಾಯದೆ ಇವತ್ತೇ ಆನ್ ಮಾಡಿಕೊಳ್ಳಬಹುದು.